ರುಮಟಾಯ್ಡ್ ಕೀಲುವಾತ: ಯಾವ ಔಷಧಿ ಯಾರನ್ನು ತಡೆಯುತ್ತದೆ, ನಿಮಗೆ ಯಾವುದು ಹೊಂದುತ್ತದೆ?

“ಸೂಜಿ ತಗೊಳ್ತೀರೋ, ಮಾತ್ರೆ ತಗೊಳ್ತೀರೋ?” ಎಂದು ಡಾಕ್ಟರು ಕೇಳಿದಾಗ ನಮ್ಮ ಚಿಕ್ಕಮ್ಮ “ನೀವೇ ಹೇಳಿ ಡಾಕ್ಟ್ರೇ, ನಂಗೇನು ಗೊತ್ತಾಗುತ್ತೆ” ಅಂದುಬಿಟ್ಟರು. ತಿಪಟೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದು, ಎರಡು ಗಂಟೆ ಕಾದು, ಹತ್ತು ನಿಮಿಷ ಸಿಕ್ಕ ಭೇಟಿ ಅದು. ಡಾಕ್ಟರು ಬೇಸರ ಮಾಡಿಕೊಳ್ಳದೆ ಚೀಟಿಯ ಹಿಂಬದಿಗೆ ಮೂರು ಸಾಲು ಬರೆದರು: ಈಗಿನ ಮಾತ್ರೆಗೆ ಇನ್ನೆರಡು ಹಳೇ ಮಾತ್ರೆ ಸೇರಿಸುವುದು, ಇಲ್ಲವೇ ಹದಿನೈದು ದಿನಕ್ಕೊಂದು ಇಂಜೆಕ್ಷನ್, ಇಲ್ಲವೇ ದಿನಕ್ಕೆರಡು ಸಲ ಒಂದು ಹೊಸ ಬಗೆಯ ಮಾತ್ರೆ. “ಮನೇಲಿ ಮಾತಾಡ್ಕೊಂಡು ಬನ್ನಿ” ಎಂದರು.

ಮನೆಯಲ್ಲಿ ಮಾತು ಹೇಗೆ ನಡೆಯಿತು ಎಂದು ನೀವೇ ಊಹಿಸಬಹುದು. “ಸ್ಟ್ರಾಂಗ್ ಔಷಧಿ ಬೇಡ, ಕಿಡ್ನಿ ಹೋಗುತ್ತೆ” ಎಂದರು ಒಬ್ಬರು. “ಅಷ್ಟು ದುಬಾರಿ ಅಂದ್ಮೇಲೆ ಒಳ್ಳೇದೇ ಇರುತ್ತೆ” ಎಂದರು ಇನ್ನೊಬ್ಬರು. ಆ ಚೀಟಿ ಹಿಡಿದು ಓದಲು ಕೂತ ಮೇಲೆ ನನಗೆ ತಿಳಿದದ್ದು ಇಷ್ಟು: ಈ ಕಾಯಿಲೆಯ ಔಷಧಿಗಳನ್ನು ಜೋರು, ಸೌಮ್ಯ ಎಂದು ಅಳೆಯಹೊರಟರೆ ದಾರಿ ತಪ್ಪುತ್ತೇವೆ. ಮೈ ಕಾಯಬೇಕಾದ ನಮ್ಮದೇ ರಕ್ಷಣಾ ಪಡೆ ಈ ಕಾಯಿಲೆಯಲ್ಲಿ ಕೀಲುಗಳ ಮೇಲೆ ತಿರುಗಿಬೀಳುತ್ತದೆ; ಪ್ರತಿಯೊಂದು ಔಷಧಿಯೂ ಆ ಪಡೆಯ ಯಾರೋ ಒಬ್ಬರನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಎರಡು ಪ್ರಶ್ನೆ ಕೇಳಬೇಕು. ಇದು ಯಾರನ್ನು ತಡೆಯುತ್ತದೆ? ಅವರು ಇಷ್ಟು ದಿನ ಕಾಯುತ್ತಿದ್ದ ಬಾಗಿಲು ಯಾವುದು, ಆ ಬಾಗಿಲಲ್ಲಿ ನನಗೆ ಮೊದಲೇ ಏನಾದರೂ ತೊಂದರೆ ಇದೆಯೇ?

ಕೀಲಿನೊಳಗೆ ಯಾರು ಯಾರಿದ್ದಾರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ ಕಾಯಿಲೆ. ಅದಕ್ಕೆ ಈ ಬರಹದ ಯಾವ ಔಷಧಿಯೂ ಬೇಡ. ರುಮಟಾಯ್ಡ್ ಹೆಚ್ಚಾಗಿ ಹಿಡಿಯುವುದು ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳನ್ನು, ಅದೂ ಎಡಬಲ ಎರಡೂ ಕಡೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿತ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಚಿಕ್ಕಮ್ಮನಿಗೆ ಗೊತ್ತಾದದ್ದು ಸಾರಿಗೆ ಹುಣಸೆಹಣ್ಣು ಕಿವುಚಲು ಆಗದೇ ಹೋದಾಗ. 2006ರ ಚಿಕುನ್‌ಗುನ್ಯಾ ಕಂಡವರು ನಮ್ಮ ಕಡೆ ಬಹಳ. ಆ ಜ್ವರದ ನಂತರವೂ ತಿಂಗಳುಗಟ್ಟಲೆ ಇದೇ ಥರ ಗೆಣ್ಣು ಊದುತ್ತದೆ. ಹಾಗಾಗಿ ಊತ ಕಂಡ ತಕ್ಷಣ ರುಮಟಾಯ್ಡ್ ಎಂದು ತೀರ್ಮಾನಿಸಲಾಗದು. ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತಪರೀಕ್ಷೆಗಳು ಬೇಕಾಗುವುದು ಅದಕ್ಕೇ.

ಕಥೆ ಶುರುವಾಗುವುದು ಕೀಲಿನಲ್ಲಿಯೇ ಎಂದೇನಿಲ್ಲ. ಬೀಡಿ ಸಿಗರೇಟಿನ ಹೊಗೆ ತಾಗಿದ ಶ್ವಾಸಕೋಶದಲ್ಲೋ, ಹುಳುಕು ಒಸಡಿನಲ್ಲೋ ನಮ್ಮದೇ ಪ್ರೋಟೀನುಗಳ ರೂಪ ಸ್ವಲ್ಪ ಬದಲಾಗುತ್ತದೆ: ಅದರೊಳಗಿನ ಆರ್ಜಿನೈನ್ ಎಂಬ ತುಣುಕು ಸಿಟ್ರುಲಿನ್ ಆಗುತ್ತದೆ. (ಸಿಟ್ರುಲಿನ್‌ಗೆ ಆ ಹೆಸರು ಬಂದದ್ದು ಕಲ್ಲಂಗಡಿಯಿಂದ. ಹಾಗಂತ ಬದನೆಕಾಯಿ, ಆಲೂಗಡ್ಡೆಯ ಪಥ್ಯದ ಪಟ್ಟಿಗೆ ಕಲ್ಲಂಗಡಿಯನ್ನೂ ಸೇರಿಸಬೇಡಿ, ಏನೂ ಸಂಬಂಧವಿಲ್ಲ.) ಕೆಲವು ಬಗೆಯ ಎಚ್‌ಎಲ್‌ಎ-ಡಿಆರ್‌ಬಿ1 ಜೀನ್ ಇರುವವರಲ್ಲಿ ಈ ಬದಲಾದ ಪ್ರೋಟೀನನ್ನು ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಪರಕೀಯ ಎಂದು ಗುರುತಿಸಿಬಿಡುತ್ತವೆ. ಟಿ ಕೋಶ ಒಪ್ಪಿಗೆ ಕೊಟ್ಟ ಮೇಲೆ ಬಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಅದರ ವಿರುದ್ಧ ಆಂಟಿಬಾಡಿ, ಅಂದರೆ ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನು, ತಯಾರಿಸುತ್ತವೆ. ಆಂಟಿ ಸಿಸಿಪಿ ಪರೀಕ್ಷೆ ಹಿಡಿಯುವುದು ಈ ಆಂಟಿಬಾಡಿಯನ್ನೇ. ನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ಅದು ರಕ್ತದಲ್ಲಿರಬಹುದು.

ಆಮೇಲೆ ಪಡೆ ಕೀಲಿಗೆ ಬಂದು ಬೀಡುಬಿಡುತ್ತದೆ. ಕೀಲಿನ ಒಳಮೈಗೆ ಸೈನೋವಿಯಂ ಎಂಬ ತೆಳು ಪೊರೆಯಿದೆ. ಅಲ್ಲಿ ಗದ್ದಲ ಎಬ್ಬಿಸುವವರು ಮ್ಯಾಕ್ರೋಫೇಜ್‌ಗಳು, ಅಂದರೆ ನುಂಗುಕೋಶಗಳು. ಟಿಎನ್‌ಎಫ್, ಐಎಲ್-6, ಐಎಲ್-1 ಎಂಬ ರಾಸಾಯನಿಕ ಓಲೆಗಳನ್ನು ಇವು ಸುತ್ತಲೂ ಹಂಚುತ್ತವೆ. ಓಲೆ ಓದಿದ ಪೊರೆಯ ಕೋಶಗಳು ಬೆಳೆದು ದಪ್ಪವಾಗಿ ಮೃದ್ವಸ್ಥಿಯ ಮೇಲೆ ಹಬ್ಬುತ್ತವೆ. ಕೊನೆಗೆ ಆಸ್ಟಿಯೋಕ್ಲಾಸ್ಟ್ ಎಂಬ ಮೂಳೆ ಕರಗಿಸುವ ಕೋಶಗಳು ಎದ್ದು ಕೂರುತ್ತವೆ. ಎಕ್ಸ್‌ರೇಯಲ್ಲಿ ಗೆಣ್ಣಿನ ಅಂಚು ಇಲಿ ಕಚ್ಚಿದ ಹಾಗೆ ಕಾಣುವುದು ಇವುಗಳ ಕೆಲಸ. ಬರೀ ನೋವಿನ ಮಾತ್ರೆ ಈ ಸಾಲಿನಲ್ಲಿ ಯಾರನ್ನೂ ತಡೆಯುವುದಿಲ್ಲ. ನೋವು ಇಳಿದಿರುತ್ತದೆ, ಮೂಳೆ ಸವೆಯುತ್ತಲೇ ಇರುತ್ತದೆ.

ಮೊದಲ ಮೆಟ್ಟಿಲಲ್ಲಿ ಆಯ್ಕೆ ಹೆಚ್ಚಿಲ್ಲ

ಬಹುತೇಕ ಎಲ್ಲರಿಗೂ ಮೊದಲು ಬರೆಯುವುದು ಮೆಥೊಟ್ರೆಕ್ಸೇಟ್. ಇದಕ್ಕೂ ತೆಲುಗು ನಾಡಿಗೂ ಒಂದು ನಂಟಿದೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ಬರುವ ರಾಸಾಯನಿಕಗಳನ್ನು ತಯಾರಿಸಿತು. ರಕ್ತದ ಕ್ಯಾನ್ಸರಿಗೆಂದು ಹುಟ್ಟಿದ ಆ ಕುಟುಂಬದ ಕೂಸು ಮೆಥೊಟ್ರೆಕ್ಸೇಟ್. ರುಮಟಾಯ್ಡ್‌ಗೆ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1988ರಲ್ಲಿ. “ಕ್ಯಾನ್ಸರ್ ಔಷಧಿ ಕೊಟ್ಟಿದ್ದಾರೆ” ಎಂದು ಗೂಗಲ್ ನೋಡಿ ಹೆದರುವವರು ಇದನ್ನು ಗಮನಿಸಿ: ಕೀಲಿಗೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಕ್ಯಾನ್ಸರಿಗೆ ಕೊಡುವುದು ಅದರ ಹಲವು ಪಟ್ಟು. ಈ ಸಣ್ಣ ಪ್ರಮಾಣದಲ್ಲಿ ಅದು ಕೋಶಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅಡೆನೋಸಿನ್ ಎಂಬ ತಣ್ಣಗಾಗಿಸುವ ವಸ್ತುವನ್ನು ಹೆಚ್ಚಿಸಿ ಟಿ ಕೋಶ, ನುಂಗುಕೋಶ ಎಲ್ಲರ ಗದ್ದಲವನ್ನೂ ಸ್ವಲ್ಪ ಸ್ವಲ್ಪ ತಗ್ಗಿಸುತ್ತದೆ.

ವಾರಕ್ಕೆ ಒಂದೇ ದಿನ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ತಿಳಿಯದೆ ದಿನಾ ನುಂಗಿ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೆ ಕುತ್ತು ಬಂದವರಿದ್ದಾರೆ. ಚೀಟಿಯಲ್ಲಿ ವಾರದ ಹೆಸರನ್ನೇ ಕನ್ನಡದಲ್ಲಿ ಬರೆಸಿಕೊಳ್ಳಿ. ಉಳಿದ ದಿನಗಳಲ್ಲಿ ಫೋಲಿಕ್ ಆಮ್ಲ ಎಷ್ಟು, ಯಾವ ದಿನ ಎಂದೂ ಕೇಳಿ. ಮದ್ಯ ಬಿಡಬೇಕು, ಲಿವರ್ ಮತ್ತು ರಕ್ತಕಣದ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು, ಮಗು ಬೇಕೆನ್ನುವವರು ಕೆಲವು ತಿಂಗಳು ಮೊದಲೇ ನಿಲ್ಲಿಸಬೇಕು. ಬೀಡಿ ಸೇದುವವರಲ್ಲಿ ಇದು ಕಡಿಮೆ ಹಿಡಿಯುತ್ತದೆ.

ಇಲ್ಲಿ ಒಂದು ಸಣ್ಣ ಆಯ್ಕೆ ಉಂಟು, ಬಹಳ ಜನ ಅದನ್ನು ಕೇಳುವುದೇ ಇಲ್ಲ. ವಾರಕ್ಕೆ 15 ಮಿಲಿಗ್ರಾಂ ದಾಟಿದ ಮೇಲೆ ಮಾತ್ರೆಯನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದೇ ಔಷಧಿ ಚರ್ಮದಡಿಯ ಇಂಜೆಕ್ಷನ್ ಆಗಿ ಸಿಗುತ್ತದೆ. ವಾಕರಿಕೆಯೂ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. “ಮೆಥೊಟ್ರೆಕ್ಸೇಟ್ ಕೆಲಸ ಮಾಡಲಿಲ್ಲ” ಎಂದು ಮುಂದಿನ ದುಬಾರಿ ಮೆಟ್ಟಿಲಿಗೆ ಹೋಗುವ ಮೊದಲು ಪೂರ್ತಿ ಪ್ರಮಾಣದಲ್ಲಿ, ಬೇಕಾದರೆ ಸೂಜಿಯ ರೂಪದಲ್ಲಿ, ಕನಿಷ್ಠ ಮೂರು ತಿಂಗಳು ನೋಡಿದ್ದೀರಾ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಸ್ಟೀರಾಯ್ಡ್ ಬಗ್ಗೆ ಎರಡೇ ಮಾತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು, 1950ರಲ್ಲಿ ನೊಬೆಲ್ ಬಂತು. ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಆಮೇಲೆ ಗೊತ್ತಾಯಿತು. ಈಗ ಅದು ಬೇರೆ ಔಷಧಿ ಹಿಡಿಯುವ ತನಕದ ಸೇತುವೆ ಮಾತ್ರ, ಆದಷ್ಟೂ ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುವಂಥದ್ದು. ಹೆಸರಿಲ್ಲದ ಪೊಟ್ಟಣದ ಪುಡಿ ನುಂಗಿ “ಎರಡೇ ದಿನಕ್ಕೆ ನೋವು ಮಾಯ” ಅನ್ನುವವರ ಪುಡಿಯಲ್ಲಿ ಇದೇ ಸೇರಿರುವ ಸಂಶಯ ಇಟ್ಟುಕೊಳ್ಳಿ. ಹಾಗಂತ ತಟ್ಟನೆ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ಹೇಳಿ ಇಳಿಸಬೇಕು.

ಕವಲುದಾರಿ: ಇನ್ನೆರಡು ಹಳೇ ಮಾತ್ರೆಯೋ, ಸೂಜಿಯೋ?

ಚಿಕ್ಕಮ್ಮನ ಚೀಟಿಯ ಮೊದಲ ಸಾಲು ಇದು: ಮೆಥೊಟ್ರೆಕ್ಸೇಟ್ ಜೊತೆಗೆ ಸಲ್ಫಾಸಲಾಜಿನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್. ಮೂರೂ ಹಳೆಯವು, ಮೂರೂ ಅಗ್ಗ. ಮನೆಯವರಿಗೆ ಇದು “ಸರ್ಕಾರಿ ಆಸ್ಪತ್ರೆ ಔಷಧಿ” ಎಂಬ ಸಣ್ಣ ತಾತ್ಸಾರ. ಆದರೆ ಅಂಕಿ ಬೇರೆಯೇ ಹೇಳುತ್ತದೆ. 2013ರಲ್ಲಿ ಪ್ರಕಟವಾದ ರಾಕ್ಯಾಟ್ ಎಂಬ ಪ್ರಯೋಗದಲ್ಲಿ ಮೆಥೊಟ್ರೆಕ್ಸೇಟ್ ಸಾಲದೇ ಹೋದ 353 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಈ ಮೂರು ಮಾತ್ರೆ, ಇನ್ನೊಂದಕ್ಕೆ ಇಟಾನರ್ಸೆಪ್ಟ್ ಎಂಬ ದುಬಾರಿ ಇಂಜೆಕ್ಷನ್ ಜೊತೆ ಮೆಥೊಟ್ರೆಕ್ಸೇಟ್. 24 ವಾರದಲ್ಲಿ ಗುಣ ಕಾಣದವರನ್ನು ಆ ಕಡೆಯಿಂದ ಈ ಕಡೆಗೆ ದಾಟಿಸಿದರು. ಎರಡೂ ಗುಂಪಿನಲ್ಲಿ ದಾಟಿದವರು ಸುಮಾರು ಕಾಲು ಭಾಗ. 48 ವಾರದ ಹೊತ್ತಿಗೆ, ಮಾತ್ರೆಯಿಂದ ಶುರು ಮಾಡಿದವರು ಸೂಜಿಯಿಂದ ಶುರು ಮಾಡಿದವರಿಗಿಂತ ಹಿಂದೆ ಬಿದ್ದಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕೈಯಿಂದ ಹಣ ಕಟ್ಟುವ ಕುಟುಂಬಕ್ಕೆ ಇದು ಈ ಕಾಯಿಲೆಯಲ್ಲಿ ಅತಿ ಮುಖ್ಯ ಮಾಹಿತಿ. ತೊಡಕು ಎಂದರೆ ಮಾತ್ರೆಗಳ ಎಣಿಕೆ. ಸಲ್ಫಾಸಲಾಜಿನ್ ಒಂದೇ ದಿನಕ್ಕೆ ನಾಲ್ಕರಿಂದ ಆರು ಆಗುತ್ತದೆ, ಹೊಟ್ಟೆ ಕೆಡಿಸುತ್ತದೆ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅರ್ಧಕ್ಕೆ ಬಿಡುವವರು ಬಹಳ. ಸಲ್ಫಾ ಅಲರ್ಜಿ ಇದ್ದವರಿಗೆ ಆಗದು. ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗುವುದುಂಟು, ಬಿಟ್ಟರೆ ಸರಿಹೋಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಕಣ್ಣಿನ ಪರೀಕ್ಷೆ ಬೇಕು: ಶುರುವಿನಲ್ಲಿ ಒಮ್ಮೆ, ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ. ಈ ಎರಡೂ ಗರ್ಭಿಣಿಯರಿಗೆ ಕೊಡಬಹುದಾದವು, ಹೆರಿಗೆಯ ವಯಸ್ಸಿನವರಿಗೆ ಅದೊಂದು ದೊಡ್ಡ ಅನುಕೂಲ. ಇನ್ನೊಂದು ಹಳೇ ಮಾತ್ರೆ ಲೆಫ್ಲುನೊಮೈಡ್; ಟಿ ಕೋಶಗಳು ಸಂಖ್ಯೆ ಹೆಚ್ಚಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನು ತಯಾರಾಗದಂತೆ ತಡೆಯುತ್ತದೆ. ಒಳ್ಳೆಯದೇ, ಆದರೆ ಮಗು ಬೇಕೆನ್ನುವವರ ಹತ್ತಿರವೂ ಸುಳಿಯಬಾರದು. ಬಿಟ್ಟ ಮೇಲೂ ಬಹಳ ದಿನ ಮೈಯಲ್ಲಿ ಉಳಿಯುತ್ತದೆ, ತೊಳೆದು ತೆಗೆಯಲು ಬೇರೆ ಔಷಧಿಯೇ ಬೇಕು.

ಟಿಎನ್‌ಎಫ್ ತಡೆಯುವ ಸೂಜಿ, ಮತ್ತು ಟಿಬಿ

ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಲಂಡನ್ನಿನಲ್ಲಿ ಒಂದು ಪ್ರಶ್ನೆ ಹಿಡಿದು ಕೂತರು: ಕೀಲಿನಲ್ಲಿ ಇಷ್ಟೊಂದು ಬಗೆಯ ಓಲೆಗಳು ಓಡಾಡುತ್ತಿರುವಾಗ ಒಂದನ್ನು ಮಾತ್ರ ತಡೆದರೆ ಏನಾದೀತು? ಒಂದನ್ನು ತಡೆದರೆ ಇನ್ನೊಂದು ಆ ಕೆಲಸ ಮಾಡುತ್ತದೆ ಎಂದೇ ಹೆಚ್ಚಿನವರು ನಂಬಿದ್ದರು. ಟಿಎನ್‌ಎಫ್ ತಡೆದರೆ ಉಳಿದವೂ ಇಳಿಯುತ್ತವೆ ಎಂದು ಇವರು ಪ್ರಯೋಗಶಾಲೆಯಲ್ಲಿ ಕಂಡುಕೊಂಡರು, 1992ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಇವತ್ತಿನ ಇನ್‌ಫ್ಲಿಕ್ಸಿಮ್ಯಾಬ್, ಇಟಾನರ್ಸೆಪ್ಟ್, ಅಡಾಲಿಮುಮ್ಯಾಬ್ ಎಲ್ಲ ಇದೇ ಓಲೆಯನ್ನು ಹಾದಿಯಲ್ಲೇ ಹಿಡಿಯುವಂಥವು. ಚೀಟಿಯ ಎರಡನೇ ಸಾಲಿನ ಇಂಜೆಕ್ಷನ್ ಈ ಗುಂಪಿನದು. ಅಡಾಲಿಮುಮ್ಯಾಬ್‌ನ ಪ್ರತಿರೂಪ, ಅಂದರೆ ಬಯೋಸಿಮಿಲರ್, ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ಬಂದದ್ದು ನಮ್ಮ ದೇಶದಲ್ಲಿ, 2014ರ ಕೊನೆಗೆ. ಬೆಲೆ ಇಳಿಯಿತು ನಿಜ, ಆದರೂ ಹಳೇ ಮಾತ್ರೆಗಳ ಮುಂದೆ ಅದು ಬೇರೆಯೇ ಲೆಕ್ಕ.

ಈಗ ಎರಡನೇ ಪ್ರಶ್ನೆ: ಟಿಎನ್‌ಎಫ್ ಇಷ್ಟು ದಿನ ಯಾವ ಬಾಗಿಲು ಕಾಯುತ್ತಿತ್ತು? ಉತ್ತರ, ಕ್ಷಯದ ಬಾಗಿಲು. ನಮ್ಮಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಟಿಬಿ ಕ್ರಿಮಿ ವರ್ಷಗಟ್ಟಲೆ ಮಲಗಿರುತ್ತದೆ. ನುಂಗುಕೋಶಗಳು ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕಿರುತ್ತವೆ. ಆ ಗೋಡೆಯನ್ನು ಗ್ರ್ಯಾನುಲೋಮ ಎನ್ನುತ್ತಾರೆ. ಗೋಡೆಯ ಗಾರೆಯೇ ಟಿಎನ್‌ಎಫ್. ಇನ್‌ಫ್ಲಿಕ್ಸಿಮ್ಯಾಬ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 2001ರಲ್ಲಿ, ಅದನ್ನು ತೆಗೆದುಕೊಂಡವರಲ್ಲಿ 70 ಟಿಬಿ ಪ್ರಕರಣಗಳ ವರದಿ ಬಂತು. ಅರ್ಧಕ್ಕಿಂತ ಹೆಚ್ಚು ಶ್ವಾಸಕೋಶದ ಹೊರಗೆ ಹರಡಿದ ಟಿಬಿ.

ಆದ್ದರಿಂದ ಕರ್ನಾಟಕದಲ್ಲಿ ಕೂತು ಇವುಗಳನ್ನು ಆರಿಸುವವರು ಯುರೋಪಿನವರ ಅನುಭವವನ್ನು ಹಾಗೇ ಎರವಲು ತರುವಂತಿಲ್ಲ. ಎದೆಯ ಎಕ್ಸ್‌ರೇ, ಮ್ಯಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ಐಜಿಆರ್‌ಎ ರಕ್ತಪರೀಕ್ಷೆ ಮೊದಲು ಆಗಲೇಬೇಕು. ಮಲಗಿರುವ ಟಿಬಿ ಕಂಡರೆ ಅದಕ್ಕೆ ಮಾತ್ರೆ ಶುರು ಮಾಡಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಸೂಜಿ. ಗುಂಪಿನೊಳಗೂ ವ್ಯತ್ಯಾಸವಿದೆ: ಇಟಾನರ್ಸೆಪ್ಟ್‌ನಲ್ಲಿ ಟಿಬಿಯ ಅಪಾಯ ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ಗಳಿಗಿಂತ ಕಡಿಮೆ. ಗರ್ಭಿಣಿಯಾಗಲು ಬಯಸುವವರಿಗೆ ಸರ್ಟೊಲಿಜುಮ್ಯಾಬ್ ಎಂಬ ಇನ್ನೊಂದಿದೆ, ಅದು ಮಾಸುಚೀಲ ದಾಟಿ ಮಗುವಿಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಹೃದಯ ತೀರಾ ದುರ್ಬಲವಾಗಿದ್ದವರಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಇದ್ದವರಿಗೆ ಈ ಗುಂಪೇ ಬೇಡ.

ಸೂಜಿಯ ಇನ್ನೊಂದು ಕಷ್ಟ ಯಾರೂ ಮೊದಲು ಹೇಳುವುದಿಲ್ಲ: ಫ್ರಿಜ್ಜು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೆ ಮುಗಿಯಿತು. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಬಿ ಕೋಶ, ಟಿ ಕೋಶ: ಓಲೆಯನ್ನಲ್ಲ, ಬರೆಯುವವರನ್ನೇ ತಡೆಯುವುದು

ರಿಟುಕ್ಸಿಮ್ಯಾಬ್ ಬಿ ಕೋಶದ ಮೈಮೇಲಿನ ಸಿಡಿ20 ಎಂಬ ಗುರುತು ಹಿಡಿದು ಅದನ್ನೇ ಇಲ್ಲವಾಗಿಸುತ್ತದೆ. ಹದಿನೈದು ದಿನದ ಅಂತರದಲ್ಲಿ ಎರಡು ಸಲ ಡ್ರಿಪ್, ತಲಾ 1000 ಮಿಲಿಗ್ರಾಂ; ಆಮೇಲೆ ಆರು ತಿಂಗಳೋ ಇನ್ನೂ ಹೆಚ್ಚೋ ನೆಮ್ಮದಿ. ದೂರದ ಊರಿನವರಿಗೆ, ಮನೆಯಲ್ಲಿ ಸೂಜಿ ಚುಚ್ಚಿಕೊಳ್ಳಲು ಹೆದರುವವರಿಗೆ ಇದು ಹೊಂದುತ್ತದೆ. ಆಂಟಿ ಸಿಸಿಪಿ ಅಥವಾ ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಇದ್ದವರಲ್ಲಿ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಆಂಟಿಬಾಡಿ ಮಾಡುವವರನ್ನೇ ತೆಗೆಯುತ್ತಿದ್ದೇವಲ್ಲ. ಟಿಬಿಯ ಗೋಡೆಯನ್ನು ಟಿಎನ್‌ಎಫ್ ಔಷಧಿಗಳ ಹಾಗೆ ಇದು ಕೆಡವುವುದಿಲ್ಲ. ಹಿಂದೆ ಟಿಬಿ ಆಗಿದ್ದವರ ವಿಷಯದಲ್ಲಿ ನಮ್ಮ ಡಾಕ್ಟರುಗಳು ಇದರ ಕಡೆ ವಾಲುವುದಕ್ಕೆ ಅದೊಂದು ಕಾರಣ. ಶ್ವಾಸಕೋಶವೂ ಗಟ್ಟಿಯಾಗತೊಡಗಿದವರಿಗೆ ಟಿಎನ್‌ಎಫ್ ಸೂಜಿಗಿಂತ ಇದೇ ಮೇಲು ಎಂಬ ಅಭಿಪ್ರಾಯವಿದೆ.

ಬಿ ಕೋಶ ಕಾಯುತ್ತಿದ್ದ ಬಾಗಿಲು ಹೆಪಟೈಟಿಸ್ ಬಿ ವೈರಸ್ಸಿನದು. ಎಂದೋ ಬಂದು ಹೋದ ಕಾಮಾಲೆಯ ವೈರಸ್ ಲಿವರಿನಲ್ಲಿ ಅಡಗಿದ್ದರೆ ಮತ್ತೆ ಎದ್ದು ಪ್ರಾಣಾಪಾಯ ತರಬಹುದು. ಹೆಪಟೈಟಿಸ್ ಬಿ ಪರೀಕ್ಷೆಯಲ್ಲಿ ಸರ್ಫೇಸ್ ಆಂಟಿಜೆನ್ ಒಂದೇ ಸಾಲದು, ಕೋರ್ ಆಂಟಿಬಾಡಿಯನ್ನೂ ನೋಡಿಸಿ. ಬಿ ಕೋಶವಿಲ್ಲದ ತಿಂಗಳುಗಳಲ್ಲಿ ಲಸಿಕೆ ಹಾಕಿಸಿದರೆ ನೀರಿನಲ್ಲಿ ಹೋಮ ಮಾಡಿದಂತೆ. ಕೋವಿಡ್ ಕಾಲದಲ್ಲಿ ಇದನ್ನು ಬಹಳ ಜನ ಅನುಭವಿಸಿದರು. ನ್ಯುಮೋನಿಯಾ, ಫ್ಲೂ ಲಸಿಕೆಗಳನ್ನು ಡ್ರಿಪ್ಪಿಗೆ ನಾಲ್ಕು ವಾರ ಮೊದಲೇ ಮುಗಿಸಿಕೊಳ್ಳಿ.

ಅಬಾಟಸೆಪ್ಟ್ ತಡೆಯುವುದು ಟಿ ಕೋಶವನ್ನು. ಬ್ಯಾಂಕಿನ ಲಾಕರ್ ನೋಡಿದ್ದೀರಲ್ಲ, ನಮ್ಮ ಕೀಲಿ ಒಂದೇ ಸಾಲದು, ಮ್ಯಾನೇಜರ ಕೀಲಿಯೂ ಬೀಳಬೇಕು. ಟಿ ಕೋಶ ಎಚ್ಚರಗೊಳ್ಳಲು ಹೀಗೇ ಎರಡು ಸಂಕೇತ ಬೇಕು. ಅಬಾಟಸೆಪ್ಟ್ ಎರಡನೇ ಕೀಲಿರಂಧ್ರಕ್ಕೆ ಮೇಣ ತುಂಬಿಬಿಡುತ್ತದೆ. ಸೋಂಕಿನ ಕಾಟ ಈ ಸಾಲಿನ ಔಷಧಿಗಳಲ್ಲಿ ಇದರದು ಕಡಿಮೆ, ಆಂಪಲ್ ಎಂಬ ನೇರಾನೇರ ಹೋಲಿಕೆಯಲ್ಲಿ ಅಡಾಲಿಮುಮ್ಯಾಬ್‌ಗೆ ಸರಿಸಮನಾಗಿ ನಿಂತಿತು. ಕೊರತೆ ಎರಡು: ಪರಿಣಾಮ ಕಾಣಲು ಮೂರರಿಂದ ಆರು ತಿಂಗಳ ತಾಳ್ಮೆ ಬೇಕು, ಮತ್ತು ಬೆಲೆ. ಪದೇ ಪದೇ ಕಫ, ನ್ಯುಮೋನಿಯಾ ಆಗುವ ವಯಸ್ಸಾದವರು ಕೈಯಲ್ಲಿ ಆಗುವಂತಿದ್ದರೆ ಇದನ್ನು ಕೇಳಬಹುದು.

ಐಎಲ್-6: ಜ್ವರವೇ ಬರದ ಸೋಂಕು

ಐಎಲ್-6 ಎಂಬ ಓಲೆಯ ದಾರಿ ತಡೆಯುವ ಟೊಸಿಲಿಜುಮ್ಯಾಬ್ ಹುಟ್ಟಿದ್ದು ಜಪಾನಿನ ಒಸಾಕದಲ್ಲಿ, ಐಎಲ್-6 ಅನ್ನು ಗುರುತಿಸಿದ ತಾದಾಮಿತ್ಸು ಕಿಶಿಮೊಟೊ ಅವರ ಬಳಗದಲ್ಲಿ. ಇದರ ಹೆಚ್ಚುಗಾರಿಕೆ ಮೆಥೊಟ್ರೆಕ್ಸೇಟ್ ಆಗದವರಿಗೆ. ಟಿಎನ್‌ಎಫ್ ಸೂಜಿಗಳು ಮೆಥೊಟ್ರೆಕ್ಸೇಟ್ ಜೊತೆಗಿದ್ದರೆ ಚೆನ್ನಾಗಿ ನಡೆಯುತ್ತವೆ. ಇದು ಒಂಟಿಯಾಗಿಯೂ ನಡೆಯುತ್ತದೆ. 2013ರ ಅಡಾಕ್ಟಾ ಪ್ರಯೋಗದಲ್ಲಿ ಎರಡನ್ನೂ ಒಂಟಿಯಾಗಿ ಕೊಟ್ಟಾಗ ಅಡಾಲಿಮುಮ್ಯಾಬ್‌ಗಿಂತ ಟೊಸಿಲಿಜುಮ್ಯಾಬ್ ಮುಂದಿತ್ತು.

ಇದರ ಬಾಗಿಲು ವಿಚಿತ್ರ. ಜ್ವರ ಬರಿಸುವುದರಲ್ಲಿ ಐಎಲ್-6ಕ್ಕೆ ದೊಡ್ಡ ಕೈಯಿದೆ, ಲಿವರಿಗೆ ಉರಿಯೂತದ ಗುರುತಾದ ಸಿಆರ್‌ಪಿ ತಯಾರಿಸು ಎಂದು ಹೇಳುವುದೂ ಅದೇ. ಅದನ್ನು ತಡೆದ ಮೇಲೆ ಒಳಗೆ ಕೀವು ತುಂಬಿದ್ದರೂ ಜ್ವರ ಬಾರದೆ, ಸಿಆರ್‌ಪಿ ಏರದೆ ಇರಬಹುದು. ಊರಿನ ಕ್ಲಿನಿಕ್ಕಿನಲ್ಲಿ “ಸಿಆರ್‌ಪಿ ನಾರ್ಮಲ್ ಇದೆ, ಏನೂ ಇಲ್ಲ” ಎಂದು ಕಳಿಸಿದರೆ ಮೋಸ ಹೋದಿರಿ. ಈ ಔಷಧಿಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಬೇಕು. ಡೈವರ್ಟಿಕ್ಯುಲೈಟಿಸ್, ಅಂದರೆ ಕರುಳಿನ ಗೋಡೆಯ ಸಣ್ಣ ಚೀಲಗಳ ಉರಿಯೂತ, ಆಗಿದ್ದವರಿಗೆ ಕರುಳು ತೂತಾಗುವ ಅಪಾಯ, ಕೊಲೆಸ್ಟರಾಲ್ ಏರಿಕೆ, ಲಿವರ್ ಪರೀಕ್ಷೆಯಲ್ಲಿ ಏರುಪೇರು ಕೂಡ ಲೆಕ್ಕದಲ್ಲಿರಲಿ.

ಮಾತ್ರೆಯ ರೂಪದ ಹೊಸಬ: ಜ್ಯಾಕ್ ತಡೆಗಳು

ಚೀಟಿಯ ಮೂರನೇ ಸಾಲು ಟೊಫಾಸಿಟಿನಿಬ್, 5 ಮಿಲಿಗ್ರಾಂ, ದಿನಕ್ಕೆರಡು ಸಲ. ಇದರ ತಂತ್ರ ಬೇರೆ. ಓಲೆಯನ್ನು ಹಾದಿಯಲ್ಲಿ ಹಿಡಿಯುವ ಬದಲು, ಓಲೆ ಮನೆ ತಲುಪಿದ ಮೇಲೆ ಬಾಗಿಲಿಂದ ಒಳಕೋಣೆಗೆ ಸುದ್ದಿ ಒಯ್ಯುವ ಜ್ಯಾಕ್ ಎಂಬ ಆಳನ್ನು ತಡೆಯುತ್ತದೆ. ಒಬ್ಬನೇ ಆಳು ಹಲವು ಓಲೆಗಳ ಸುದ್ದಿ ಒಯ್ಯುವುದರಿಂದ ಒಂದೇ ಮಾತ್ರೆಗೆ ಹಲವು ದಾರಿ ಮುಚ್ಚುತ್ತವೆ. ಫ್ರಿಜ್ಜು ಬೇಡ, ಸೂಜಿ ಬೇಡ, ಕೆಲವೇ ವಾರಗಳಲ್ಲಿ ಗುಣ ಕಾಣುತ್ತದೆ. ನಮ್ಮಲ್ಲಿ ಜೆನೆರಿಕ್ ಬಂದ ಮೇಲೆ ಸೂಜಿಗಿಂತ ಬಹಳ ಅಗ್ಗ. ಹಳ್ಳಿಯಿಂದ ಬರುವವರಿಗೆ ಡಾಕ್ಟರುಗಳು ಇದನ್ನು ಮುಂದಿಡುವುದು ಸಹಜ, ಮನೆಯವರು “ಇದೇ ಸರಿ” ಎಂದು ಹಾರಿಕೊಳ್ಳುವುದೂ ಸಹಜ.

ನಾನು ಇಲ್ಲಿ ಸ್ವಲ್ಪ ನಿಧಾನಿಸಿ ಎನ್ನುತ್ತೇನೆ. 50 ದಾಟಿದ, ಹೃದಯದ ಕಾಯಿಲೆಗೆ ಒಂದಾದರೂ ಕಾರಣವಿದ್ದ 4362 ಜನರ ಮೇಲೆ ನಡೆದ ಓರಲ್ ಸರ್ವೇಲೆನ್ಸ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥವು ಟೊಫಾಸಿಟಿನಿಬ್ ಗುಂಪಿನಲ್ಲಿ ಶೇ. 3.4, ಟಿಎನ್‌ಎಫ್ ಗುಂಪಿನಲ್ಲಿ ಶೇ. 2.5. ಕ್ಯಾನ್ಸರ್ ಶೇ. 4.2 ಮತ್ತು 2.9. ಸಾವಿರ ಜನರಲ್ಲಿ ಒಂಬತ್ತು, ಹದಿಮೂರು ಜನರ ವ್ಯತ್ಯಾಸ. 35 ವರ್ಷದ, ಬಿಪಿ ಸಕ್ಕರೆ ಯಾವುದೂ ಇಲ್ಲದ ಹೆಣ್ಣುಮಗಳಿಗೆ ಈ ಲೆಕ್ಕ ಹಾಗೇ ಅನ್ವಯಿಸದು. 62ರ, ಬೀಡಿ ಸೇದುವ, ಸ್ಟೆಂಟ್ ಹಾಕಿಸಿಕೊಂಡ ಗಂಡಸಿಗೆ ಅನ್ವಯಿಸುತ್ತದೆ, ಅವರಿಗೆ ಬೇರೆ ದಾರಿ ಇರುವ ತನಕ ಇದು ಬೇಡ. ಹಿಂದೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೂ ಬೇಡ. ಎಲ್ಲ ವಯಸ್ಸಿನವರಿಗೂ ಕಾಡುವುದು ಸರ್ಪಸುತ್ತು. ಆ ವೈರಸ್ಸಿನ ಬಾಗಿಲು ಕಾಯುವವರ ಸುದ್ದಿವಾಹಕನನ್ನೇ ಕಟ್ಟಿಹಾಕಿದ್ದೇವೆ. ಜೀವಂತ ವೈರಸ್ ಇಲ್ಲದ ಸರ್ಪಸುತ್ತಿನ ಲಸಿಕೆ ಈಗ ಭಾರತದಲ್ಲೂ ಸಿಗುತ್ತದೆ, ಶುರುವಿಗೆ ಮೊದಲೇ ಕೇಳಿ. ಮಾತ್ರೆ ಎಂಬ ಕಾರಣಕ್ಕೆ ಟಿಬಿ ಪರೀಕ್ಷೆ ಬಿಡುವ ಹಾಗಿಲ್ಲ, ಇದಕ್ಕೂ ಅದು ಬೇಕು.

ಒಂದು ಹಿಡಿಯದಿದ್ದರೆ

ಮೊದಲ ಟಿಎನ್‌ಎಫ್ ಸೂಜಿ ಸುಮಾರು ಮೂವರಲ್ಲಿ ಒಬ್ಬರಿಗೆ ಸಾಕಷ್ಟು ಗುಣ ಕೊಡುವುದಿಲ್ಲ. ಆಗ ಅದೇ ಗುಂಪಿನ ಇನ್ನೊಂದಕ್ಕೆ ಹೋಗುವುದೋ, ಬೇರೆ ಕೋಶದ ಕಡೆ ತಿರುಗುವುದೋ? ಫ್ರಾನ್ಸಿನಲ್ಲಿ 300 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಬೇರೆ ದಾರಿ ಹಿಡಿದವರಲ್ಲಿ ಶೇ. 69 ಜನರಿಗೆ 24 ವಾರದಲ್ಲಿ ಗುಣ ಕಂಡಿತು, ಇನ್ನೊಂದು ಟಿಎನ್‌ಎಫ್‌ಗೆ ಹೋದವರಲ್ಲಿ ಶೇ. 52. ಹಾಗಾಗಿ ಯಾರೋ ಅದೇ ಬಗೆಯ ಇನ್ನೊಂದು ಬ್ರ್ಯಾಂಡ್ ಬರೆದರೆ “ಬೇರೆ ದಾರಿಯದು ಯಾಕೆ ಬೇಡ ಡಾಕ್ಟ್ರೇ?” ಎಂದು ವಿನಯದಿಂದಲೇ ಕೇಳಿ. ಕೀಲಿನ ಪೊರೆಯ ಚೂರು ತೆಗೆದು, ಅಲ್ಲಿ ಬಿ ಕೋಶ ಹೆಚ್ಚಿದೆಯೇ ಎಂದು ನೋಡಿ ಔಷಧಿ ಆರಿಸುವ ಪ್ರಯತ್ನವೂ ನಡೆದಿದೆ. ನಾವು ನೀವು ಹೋಗುವ ಆಸ್ಪತ್ರೆಗಳಿಗೆ ಅದು ಇನ್ನೂ ನಿತ್ಯದ ಪರೀಕ್ಷೆಯಾಗಿಲ್ಲ.

ಗುಣ ಕಂಡಿದೆಯೋ ಇಲ್ಲವೋ ಅಳೆಯುವುದಕ್ಕೂ ಒಂದು ಆಯ್ಕೆ ಇದೆ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳನ್ನು ನಂಬಿ ಲೆಕ್ಕ ಹಾಕುವ ಡಿಎಎಸ್28 ಅಂಕ ಟೊಸಿಲಿಜುಮ್ಯಾಬ್ ತೆಗೆದುಕೊಳ್ಳುವವರಲ್ಲಿ ಸುಳ್ಳು ಸಮಾಧಾನ ಕೊಡುತ್ತದೆ. ಸಿಡಿಎಐ ಎಂಬ ಅಂಕಕ್ಕೆ ರಕ್ತಪರೀಕ್ಷೆಯೇ ಬೇಡ: 28 ಕೀಲುಗಳನ್ನು ಒತ್ತಿ ನೋಡಿ ನೋವಿರುವವು ಎಷ್ಟು, ಊದಿರುವವು ಎಷ್ಟು, ನಿಮ್ಮ ಲೆಕ್ಕದಲ್ಲಿ ಹತ್ತಕ್ಕೆ ಎಷ್ಟು ಕಾಯಿಲೆ, ಡಾಕ್ಟರ ಲೆಕ್ಕದಲ್ಲಿ ಎಷ್ಟು. ಎಲ್ಲ ಕೂಡಿಸಿ 10ರೊಳಗೆ ಬಂದರೆ ಹಿಡಿತಕ್ಕೆ ಬಂದಿದೆ, 2.8ರೊಳಗೆ ಬಂದರೆ ಕಾಯಿಲೆ ಮಲಗಿದೆ. ಮೂರು ತಿಂಗಳಲ್ಲಿ ಸುಧಾರಣೆ, ಆರು ತಿಂಗಳಲ್ಲಿ ಗುರಿ; ಬರದಿದ್ದರೆ ಔಷಧಿ ಬದಲಾಗಬೇಕು. ವರ್ಷಗಟ್ಟಲೆ ಅದೇ ಚೀಟಿಗೆ “ರಿಪೀಟ್” ಬರೆಸಿಕೊಂಡು ಬರುವುದು ನಮ್ಮಲ್ಲಿ ಆಗುವ ದೊಡ್ಡ ನಷ್ಟ. ಅಷ್ಟರಲ್ಲಿ ಮೂಳೆ ಸವೆದಿರುತ್ತದೆ, ಸವೆದದ್ದು ಮರಳುವುದಿಲ್ಲ.

ಚಿಕ್ಕಮ್ಮನ ಎಕ್ಸ್‌ರೇಯಲ್ಲಿ ಹಳೇ ಟಿಬಿಯ ಕಲೆ ಇತ್ತು. ಅಜ್ಜನಿಗೆ ಟಿಬಿ ಆಗಿದ್ದ ಕಾಲದಲ್ಲಿ ಅದೇ ಕೋಣೆಯಲ್ಲಿ ಮಲಗುತ್ತಿದ್ದರಂತೆ, ಯಾರೂ ಆಗ ಪರೀಕ್ಷೆ ಮಾಡಿಸಿರಲಿಲ್ಲ. ವಯಸ್ಸು 58, ಬಿಪಿ ಬೇರೆ. ಚೀಟಿಯ ಎರಡನೇ ಸಾಲಿಗೆ ಟಿಬಿ ಅಡ್ಡ ಬಂತು, ಮೂರನೆಯದಕ್ಕೆ ವಯಸ್ಸು ಮತ್ತು ಬಿಪಿ. ಮುಂದಿನ ಭೇಟಿಯಲ್ಲಿ ಇಷ್ಟನ್ನೂ ಡಾಕ್ಟರ ಮುಂದಿಟ್ಟೆವು. ಅವರು ನಕ್ಕು, ಮೆಥೊಟ್ರೆಕ್ಸೇಟನ್ನು ಇಂಜೆಕ್ಷನ್ ಮಾಡಿ ಮೊದಲ ಸಾಲಿಗೇ ಟಿಕ್ ಹಾಕಿದರು. ಆರು ತಿಂಗಳಲ್ಲಿ ಸಾಲದಿದ್ದರೆ ರಿಟುಕ್ಸಿಮ್ಯಾಬ್ ಎಂದರು. ಹೆಪಟೈಟಿಸ್ ಬಿ ಪರೀಕ್ಷೆ, ಲಸಿಕೆ ಈಗಲೇ ಮುಗಿಸಿಟ್ಟಿದ್ದೇವೆ. ನಾಲ್ಕನೇ ತಿಂಗಳು ಇದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಮಂಗಳವಾರಕ್ಕೂ ಕೆಂಪು ಪೆನ್ನಿನ ಸುತ್ತು ಇದೆ. ಸಿಡಿಎಐ 31ರಿಂದ 12ಕ್ಕೆ ಇಳಿದಿದೆ. ಹುಣಸೆಹಣ್ಣು ಮಾತ್ರ ಇನ್ನೂ ಚಿಕ್ಕಪ್ಪನೇ ಕಿವುಚಿಕೊಡುತ್ತಾರೆ, ಸಿಪ್ಪೆಯನ್ನೆಲ್ಲ ಸಾರಿಗೇ ಬಿಡುತ್ತಾರೆ ಎಂಬ ಬೈಗುಳದ ಜೊತೆಗೆ.